ಜುಮ್ಮಕ್ಕನ ಬರಿಗಾಲು

ಭಾನುವಾರ ಬೆಳಿಗ್ಗೆ ಆ ಮನೆಯ ನಡುಕೋಣೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದವು. ಅಕ್ಕ ಮೀನಿನ ತೊಟ್ಟಿ ತೊಳೆಯುತ್ತಿದ್ದಳು. ಅದನ್ನು ಹೇಗೆ ತೊಳೆಯಬೇಕೆಂದು ತಮ್ಮ ಸೋಫಾದಲ್ಲಿ ಕುಳಿತು ಹೇಳುತ್ತಿದ್ದ. ಇಬ್ಬರಲ್ಲಿ ಹೆಚ್ಚು ದಣಿದವರು ಯಾರೆಂದು ಕೇಳಿದ್ದರೆ ತಮ್ಮ ತನ್ನ ಕಡೆಗೇ ಕೈ ತೋರಿಸುತ್ತಿದ್ದನೇನೋ.

"ಆ ಮೂಲೇಲಿ ಇನ್ನೂ ಹಸಿರು ಇದೆ ನೋಡು ಅಕ್ಕ. ಬ್ರಷ್ ಅಡ್ಡ ಹಿಡಿ. ಮೀನಿಗೆ ತಾಗಿಸ್ಬೇಡ."

"ತಾಗಿಸ್ತಿಲ್ಲ ಕಣೋ. ಅವೇ ಬಂದು ಕೈ ಮೂಸ್ತಾವೆ."

"ಪ್ಲಗ್ ಮಾತ್ರ ತೆಗೀಬೇಡ. ಫಿಲ್ಟರ್ ನಿಂತ್ರೆ ಕೆರೆದ ಕಸ ಎಲ್ಲ ಕೆಳಗೆ ಕೂರುತ್ತೆ."

ತೊಟ್ಟಿ ಕಿಟಕಿಯ ಪಕ್ಕದಲ್ಲಿ, ಸೊಂಟದೆತ್ತರದ ಮರದ ಮೇಜಿನ ಮೇಲಿತ್ತು. ಅದರೊಳಗೆ ಕಿತ್ತಳೆ ಬಣ್ಣದ ಮೀನುಗಳು, ಬೆಳ್ಳಿಯ ಬಣ್ಣದ ಎರಡು ಚಪ್ಪಟೆ ಮೀನುಗಳು, ಒಂದಿಷ್ಟು ಗಿಡ. ನೀರು ಬೆಚ್ಚಗಿಡಲು ಗಾಜಿನ ಕೊಳವೆಯಂಥ ಹೀಟರ್, ನೀರು ಸೋಸಲು ಫಿಲ್ಟರ್, ಗುಳ್ಳೆ ಬಿಡಲು ಪಂಪು, ಮೇಲೊಂದು ದೀಪ. ಅವುಗಳ ವೈರುಗಳೆಲ್ಲ ಹಿಂದಿನಿಂದ ಇಳಿದು ನೆಲದ ಮೇಲೆ ಬಿದ್ದಿದ್ದ ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಸೇರುತ್ತಿದ್ದವು. ಹವ್ಯಾಸ ತಮ್ಮನದು, ಹಾವಸೆ ಅಕ್ಕನದು ಎಂದು ತಮ್ಮನ ಹೆಂಡತಿ ಆಡಿಕೊಳ್ಳುವುದಿತ್ತು. ಆಡಿಕೊಳ್ಳುತ್ತಿದ್ದಳೇ ಹೊರತು ಬ್ರಷ್ಷನ್ನು ಅವಳೂ ಮುಟ್ಟಿದವಳಲ್ಲ.

ತಮ್ಮನಿಗೆ ಪೇಟೆಬೀದಿಯಲ್ಲಿ ಚಪ್ಪಲಿ ಅಂಗಡಿ. ಅಪ್ಪನ ಕಾಲದ್ದು, ಒಳ್ಳೆಯ ಹೆಸರಿದ್ದದ್ದು. ಹಾಗಾಗಿ ಮನೆಯೊಳಗೂ ಅವನ ಕಾಲಲ್ಲಿ ದಪ್ಪ ರಬ್ಬರಿನ ಚಪ್ಪಲಿ ಇರುತ್ತಿತ್ತು. ಹೆಂಡತಿಗೊಂದು ಜೊತೆ, ಮಗಳಿಗೆ ಮೊಲದ ಕಿವಿ ಅಂಟಿಸಿದ ಒಂದು ಜೊತೆ. ಅಕ್ಕ ಮಾತ್ರ ಬರಿಗಾಲು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದ ಹೊಸತರಲ್ಲಿ, "ಮನೇಲೇ ಇರೋಳಿಗೆ ಚಪ್ಪಲಿ ಯಾಕೋ" ಎಂದು ಒಮ್ಮೆ ಅಂದಿದ್ದಳು. ಸಂಕೋಚದಿಂದ ಅಂದ ಮಾತನ್ನು ತಮ್ಮ ಅವಳ ಇಷ್ಟವೆಂದೇ ತಿಳಿದು, ನಿರಾಳವಾಗಿ ಮರೆತುಬಿಟ್ಟಿದ್ದ.

ಅಕ್ಕ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಬ್ರಷ್ಷು ನೀರಿನೊಳಗೆ ಬಿತ್ತು.

"ಪುಟ್ಟಾ, ಮತ್ತೆ ಕೈ ಜುಂ ಅಂತು ಕಣೋ. ಮೊಣಕೈ ತನಕ ಬಂತು."

"ಮತ್ತೆ ಶುರುವಾಯ್ತಾ?" ತಮ್ಮ ಎದ್ದು ಚಪ್ಪಲಿ ಎಳೆಯುತ್ತ ಬಂದ. ಅಂಗಿಯ ತೋಳು ಮಡಿಚಿ, ಬೇಕೆಂದೇ ಎಲ್ಲರೂ ನೋಡುವ ಹಾಗೆ, ಮುಂಗೈ ಮುಳುಗುವಷ್ಟು ನೀರಿಗಿಳಿಸಿ ಬ್ರಷ್ಷು ಎತ್ತಿ ಕೊಟ್ಟ. "ನೋಡು. ಏನಾಯ್ತು? ಕರೆಂಟು ನನ್ನ ಕಂಡ್ರೆ ಹೆದರ್ಕೊಂಡು ಓಡಿಹೋಗುತ್ತಾ?"

ಮಗಳು ಕಿಲಕಿಲ ನಕ್ಕಳು. ಒಳಗಿನಿಂದ ಹೆಂಡತಿಯೂ ನಕ್ಕ ಸದ್ದು ಬಂತು.

"ನೀರು ತಣ್ಣಗಿರುತ್ತೆ, ನರ ಎಳೆಯುತ್ತೆ. ವಯಸ್ಸಾಯ್ತಲ್ಲ ನಿನಗೂ," ಎಂದ ತಮ್ಮ.

"ನೀರು ಬೆಚ್ಚಗೇ ಇದೆಯಲ್ಲೋ."

"ಹಾಗಾದ್ರೆ ಅದಕ್ಕೇ. ಜುಮ್ಮಕ್ಕ, ಒಂದು ಟೀ ಮಾಡ್ಕೊಂಡು ಕುಡಿ, ಎಲ್ಲ ಸರಿಹೋಗುತ್ತೆ."

ಹೆಸರು ಹುಟ್ಟಿದ್ದು ಹಾಗೆ. ಮನೆಯಲ್ಲಿ ಅವಳು ಜುಮ್ಮಕ್ಕನಾದಳು, ಮಗಳ ಬಾಯಲ್ಲಿ ಜುಮ್ಮತ್ತೆಯಾದಳು. ನೆಂಟರು ಬಂದರೆ ತಮ್ಮ ಆ ಕಥೆಯನ್ನು ಅಭಿನಯಿಸಿ ತೋರಿಸುತ್ತಿದ್ದ: ಅಕ್ಕ ಕೈ ಎಳೆದುಕೊಂಡದ್ದು, ತಾನು ವೀರನಂತೆ ನೀರಿಗೆ ಕೈ ಹಾಕಿದ್ದು. ಅಕ್ಕನೂ ನಗುತ್ತಿದ್ದಳು. ಇನ್ನೊಬ್ಬರ ಮನೆಯ ಅನ್ನ ಉಣ್ಣುವವರು ಯಾವ ಮಾತಿಗೆ ನಗಬೇಕು, ಯಾವ ಮಾತಿಗೆ ಬೇಡ ಎಂದು ಆರಿಸುವ ಹಾಗಿರುವುದಿಲ್ಲ. ಕೆಲವು ವಾರಗಳಾದ ಮೇಲೆ ಅವಳು ಕೈ ಜುಂ ಎನ್ನುವ ಮಾತನ್ನೇ ಎತ್ತಲಿಲ್ಲ. ಎತ್ತದಿದ್ದದ್ದನ್ನು ಕಂಡು, ತನ್ನ ಮದ್ದು ನಾಟಿತು ಎಂದುಕೊಂಡ ತಮ್ಮ.

ಇಲ್ಲೊಂದು ಮಾತು ಹಿಂದಕ್ಕೆ ಹೋಗಿ ಹೇಳಬೇಕು. ಆ ಮನೆಯ ಮೀಟರಿನ ಪಕ್ಕದಲ್ಲಿ ಒಂದು ಟ್ರಿಪ್ಪರ್ ಇತ್ತು. ಕರೆಂಟು ಎಲ್ಲಾದರೂ ದಾರಿ ತಪ್ಪಿ ಸೋರಿದರೆ, ಅದರಲ್ಲೂ ಮನುಷ್ಯರ ಮೈಮೂಲಕ ನೆಲಕ್ಕಿಳಿಯಲು ನೋಡಿದರೆ, ಕಣ್ಣು ಮಿಟುಕಿಸುವುದರೊಳಗೆ ಮನೆಯ ಕರೆಂಟನ್ನೇ ಕತ್ತರಿಸುವ ಡಬ್ಬಿ ಅದು. ಹಿಂದಿನ ವರ್ಷ ಎಲ್ಲರೂ ಒಂದು ಮದುವೆಗೆಂದು ಪರಊರಿಗೆ ಹೋಗಿದ್ದಾಗ ಅದು ತಾನಾಗಿ ಆಫ್ ಆಗಿತ್ತು. ಬಂದು ಬಾಗಿಲು ತೆರೆದರೆ ನಾತ. ಪಂಪು ನಿಂತು, ಉಸಿರಿಲ್ಲದೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂಗೈಯಷ್ಟಾಗಿ ಬೆಳೆದಿದ್ದ, ಮೇವು ಹಾಕುವಾಗ ಬೆರಳು ಕಚ್ಚಿ ಆಡುತ್ತಿದ್ದ ದೊಡ್ಡ ಮೀನೂ ಸತ್ತಿತ್ತು. ತಮ್ಮ ಅವತ್ತು ಊಟ ಮಾಡಲಿಲ್ಲ. ಬಚ್ಚಲಿಗೆ ಹೋಗಿ ಅತ್ತ.

ಮರುದಿನವೇ ಎಲೆಕ್ಟ್ರಿಷಿಯನ್ನನನ್ನು ಕರೆಸಿದ. ಟ್ರಿಪ್ಪರ್ ಯಾಕೆ ಬಿತ್ತು ಎಂದು ಕೇಳಲಿಲ್ಲ. "ಅಕ್ವೇರಿಯಂ ಲೈನು ಆ ದರಿದ್ರ ಡಬ್ಬಿ ದಾಟಿಸಿ ಡೈರೆಕ್ಟಾಗಿ ಕೊಟ್ಬಿಡಪ್ಪ. ಇನ್ನೊಂದು ಸಲ ಹೀಗಾಗ್ಬಾರದು," ಎಂದ. ಎಲೆಕ್ಟ್ರಿಷಿಯನ್ ಒಮ್ಮೆ ತಲೆ ಕೆರೆದುಕೊಂಡ, ಆಮೇಲೆ ಕೊಟ್ಟ. ತೊಟ್ಟಿಗೆ ಹೊಸ ಮೀನು ಬಂದವು. ಹೀಟರ್ ಹಳೆಯದೇ ಉಳಿಯಿತು. ನಾಯಿ ಬೊಗಳಿತೆಂದು ಕಳ್ಳನನ್ನು ಹುಡುಕುವ ಬದಲು ನಾಯಿಯ ಬಾಯಿ ಕಟ್ಟಿದಂತಾಯಿತು.

*

ಅದು ನಡೆದದ್ದು ವಾರದ ನಡುವೆ ಒಂದು ದಿನ. ಮಾರನೆಯ ದಿನ ಹೆಂಡತಿಯ ಅಣ್ಣನ ಸಂಸಾರ ಬರುವುದಿತ್ತು. ಎರಡು ಭಾನುವಾರ ಏನೇನೋ ನೆಪ ಹೇಳಿ ಅಕ್ಕ ತೊಟ್ಟಿ ತೊಳೆದಿರಲಿಲ್ಲ, ಗಾಜು ಮಸುಕಾಗಿತ್ತು. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ತಮ್ಮ ಅದನ್ನೇ ಎತ್ತಿದ.

"ಬರೋರ ಎದುರು ಮರ್ಯಾದೆ ತೆಗೀಬೇಡ ಅಕ್ಕ. ಇವತ್ತು ಗಾಜು ಒರೆಸಿಡು."

"ನೀನು ಬಂದ್ಮೇಲೆ ಮಾಡೋಣ್ವಾ? ನೀನು ಪಕ್ಕದಲ್ಲಿದ್ರೆ ಒಂದು ಧೈರ್ಯ."

"ಮೀನೇನು ಕಚ್ಚುತ್ತಾ ನಿನ್ನ?" ಎಂದು ತಮ್ಮ ಸಿಡುಕಿದ. ಮಧ್ಯಾಹ್ನ ಅಂಗಡಿಯಿಂದ ಫೋನು ಮಾಡಿ, ಆಯಿತೇ ಎಂದು ಮತ್ತೊಮ್ಮೆ ಕೇಳಿದ. ಈಗ ಶುರು ಮಾಡುತ್ತೇನೆ ಎಂದಳು ಅಕ್ಕ.

ಅಡುಗೆಮನೆಯಲ್ಲಿದ್ದ ಹೆಂಡತಿಗೆ ಮೊದಲು ಕೇಳಿದ್ದು ಬಕೆಟ್ ಉರುಳಿದ ಸದ್ದು. ಓಡಿ ಬಂದಾಗ ಅಕ್ಕ ಒದ್ದೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ತುಟಿ ನೀಲಿಯಾಗಿತ್ತು. ಬಲಗೈ ನೀರಿನಲ್ಲಿರುವಾಗ, ಮೇಲಿನ ಮೂಲೆ ಎಟುಕಲೆಂದು ಎಡಗೈಯಿಂದ ಕಿಟಕಿಯ ಕಬ್ಬಿಣದ ಸರಳು ಹಿಡಿದಿದ್ದಳಂತೆ. ಹಿಡಿದದ್ದಷ್ಟೇ ನೆನಪು. ಬಿಡಲು ಆಗಲಿಲ್ಲ, ಕೂಗಲೂ ಆಗಲಿಲ್ಲ. ಕಾಲು ಜಾರಿ ಬಿದ್ದ ಭಾರಕ್ಕೆ ಸರಳಿನಿಂದ ಕೈ ಕಿತ್ತುಬಂದಿತ್ತು. ಹೆಂಡತಿಗೆ ಎಲ್ಲಿಂದ ಬುದ್ಧಿ ಬಂತೋ, ಅವಳನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿದಳು. ಆಮೇಲೆ ಪಕ್ಕದ ಮನೆಯವರನ್ನು ಕೂಗಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ವೈರು ಅಂಟಿಸಿ, ಪರದೆಯ ಮೇಲೆ ಓಡುವ ಗೆರೆಯನ್ನು ಬಹಳ ಹೊತ್ತು ನೋಡಿದರು. ಎಡಗೈ ಮಣಿಕಟ್ಟು ಮುರಿದಿತ್ತು. ಅಂಗೈಯಲ್ಲಿ ಸರಳಿನಗಲದ ಸುಟ್ಟ ಗಾಯವಿತ್ತು.

"ಬಿದ್ದಿದ್ದೇ ಅವರ ಪುಣ್ಯ," ಎಂದರು ಡಾಕ್ಟರು, ಹೊರಗೆ ನಿಂತಿದ್ದ ತಮ್ಮನಿಗೆ. "ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿದ್ರೆ ಹೃದಯ ನಿಂತುಹೋಗ್ತಿತ್ತು. ಯಾಕ್ರೀ, ಮನೇಲಿ ಟ್ರಿಪ್ಪರ್ ಇಲ್ವಾ?"

"ಇದೆ," ಎಂದ ತಮ್ಮ.

ಸುಳ್ಳಲ್ಲ. ಇತ್ತು. ಆದರೆ ತೊಟ್ಟಿಯ ಲೈನು ಅದರ ಮೂಲಕ ಹೋಗುತ್ತಿರಲಿಲ್ಲ ಎಂಬುದನ್ನು ಅವನು ಹೇಳಲಿಲ್ಲ. ಡಾಕ್ಟರು, "ಹಾಗಾದ್ರೆ ಕೆಟ್ಟಿರಬೇಕು, ತೋರಿಸಿ," ಎಂದು ಹೇಳಿ ಮುಂದಿನ ರೋಗಿಯ ಕಡೆ ಹೋದರು.

ಅಕ್ಕನಿಗೆ ಎಚ್ಚರವಿತ್ತು. ತಮ್ಮನನ್ನು ಕಂಡು ಅವಳೇ ಮೊದಲು ಮಾತಾಡಿದಳು. "ನಂದೇ ತಪ್ಪು ಪುಟ್ಟಾ. ಕೈ ಒದ್ದೆಯಿತ್ತು. ಮುಟ್ಟಬಾರದ್ದು ಏನೋ ಮುಟ್ಟಿದೆ ಅನ್ಸುತ್ತೆ. ಎಲ್ಲರಿಗೂ ತೊಂದರೆ ಕೊಟ್ಟೆ."

ತಮ್ಮ ಅವಳ ಹೊದಿಕೆ ಸರಿಮಾಡಿದ.

"ಮೇನ್ ಆಫ್ ಮಾಡಿದ್ರಂತೆ," ಎಂದಳು ಅಕ್ಕ. "ಪಂಪು ನಿಂತಿರುತ್ತೆ. ಹೋಗಿ ಮೀನು ನೋಡು. ಹೋದ್ಸಲದ ಹಾಗೆ ಆದೀತು."

ಅವನು ಮನೆಗೆ ಬಂದ. ಹೆಂಡತಿ ತೊಟ್ಟಿಯ ಪ್ಲಗ್ಗುಗಳನ್ನೆಲ್ಲ ಕಿತ್ತು ಮೂಲೆಗೆ ಎಸೆದಿದ್ದಳು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಕೈ ಅಭ್ಯಾಸದಿಂದ ಪ್ಲಗ್ಗಿನ ಕಡೆ ಹೋಯಿತು, ಹಿಂದೆ ಬಂತು. ಕೊನೆಗೆ ಒಂದು ಪ್ಲಾಸ್ಟಿಕ್ ಮಗ್ ತಂದು, ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಅದರೊಳಕ್ಕೇ ಸುರಿಯತೊಡಗಿದ. ಸುರಿದಾಗ ಗುಳ್ಳೆ ಏಳುತ್ತಿತ್ತು, ಮೀನು ಚೇತರಿಸಿಕೊಳ್ಳುತ್ತಿದ್ದವು. ಸಂಜೆಯೆಲ್ಲ ಅದೇ ಕೆಲಸ. ತೋಳು ಸೋತಾಗ ಒಂದು ಮಾತು ಹೊಳೆಯಿತು: ಮೀನು ಬದುಕಿಸಲು ಇಷ್ಟೇ ಸಾಕಿತ್ತು. ಒಂದು ಮಗ್ಗು, ಇಲ್ಲವೇ ಅಂಗಡಿಯಲ್ಲಿ ಸಿಗುವ ಬ್ಯಾಟರಿಯ ಪುಟ್ಟ ಪಂಪು. ತಾನು ಅದರ ಬದಲು ಅಕ್ಕನನ್ನು ಪಣಕ್ಕಿಟ್ಟಿದ್ದ.

ಮಾರನೆಯ ದಿನ ನೆಂಟರು ಆಸ್ಪತ್ರೆಗೇ ಬಂದರು. ಹೆಂಡತಿಯ ಅಣ್ಣ ಸೇಬಿನ ಚೀಲ ಮಂಚದ ಕೆಳಗಿಟ್ಟು, ತಮ್ಮನನ್ನು ಪಕ್ಕಕ್ಕೆ ಕರೆದ. "ಒದ್ದೆ ಕೈಲಿ ಸ್ವಿಚ್ ಮುಟ್ಟಬೇಡಿ ಅಂತ ಇವರಿಗೆ ಎಷ್ಟು ಹೇಳಿದ್ರೂ ಅಷ್ಟೇ ಭಾವ. ನಮ್ಮ ಮನೇಲೂ ಇದೇ ಗೋಳು."

"ಹೂಂ," ಎಂದ ತಮ್ಮ.

ಮಂಚದ ಆ ಬದಿ ನಿಂತಿದ್ದ ಹೆಂಡತಿ ತಲೆ ಎತ್ತಿ ಗಂಡನ ಮುಖ ನೋಡಿದಳು. ಡೈರೆಕ್ಟ್ ಲೈನಿನ ಸಂಗತಿ ಆ ಮನೆಯಲ್ಲಿ ಅವಳಿಗೂ ಗೊತ್ತಿತ್ತು. ಆ ನೋಟವನ್ನು ಎದುರಿಸಲಾರದೆ ಅವನು ಸೇಬು ಎಣಿಸುವವನಂತೆ ಚೀಲದೊಳಗೆ ನೋಡಿದ.

*

ಅಕ್ಕ ಮನೆಗೆ ಬಂದಳು. ಕೈಗೆ ಪ್ಲಾಸ್ಟರ್ ಇತ್ತು. ನಡುಕೋಣೆಗೆ ಮಾತ್ರ ಬರುತ್ತಿರಲಿಲ್ಲ. ಅಡುಗೆಮನೆಗೆ ಹೋಗಲು ಹಿತ್ತಲು ಸುತ್ತಿ ಹೋಗುತ್ತಿದ್ದಳು. ಯಾರಾದರೂ ಕೇಳಿದರೆ ಗಾಳಿಗೆ ಎನ್ನುತ್ತಿದ್ದಳು. ಮಗಳು ಒಂದೆರಡು ಸಲ "ಜುಮ್ಮ—" ಎಂದು ಶುರುಮಾಡಿ, ಅಮ್ಮನ ಮುಖ ನೋಡಿ ನಿಲ್ಲಿಸಿದಳು. ಮೀನಿನ ತೊಟ್ಟಿಗೆ ಬ್ಯಾಟರಿ ಪಂಪು ಬಂದಿತ್ತು. ಎಲೆಕ್ಟ್ರಿಷಿಯನ್ನನನ್ನು ಕರೆಸಿ ಎಂದು ಹೆಂಡತಿ ದಿನವೂ ಹೇಳುತ್ತಿದ್ದಳು. ನಾಳೆ ಎನ್ನುತ್ತಿದ್ದ ತಮ್ಮ. ಕರೆಸಿದರೆ ಅವನು ಅಕ್ಕನ ಎದುರೇ ಆ ಡೈರೆಕ್ಟ್ ವೈರಿನ ಮಾತೆತ್ತುತ್ತಾನೆ ಎಂಬ ಹೆದರಿಕೆ. ಮಾಡಿದ್ದಕ್ಕಿಂತ ಅದು ಗೊತ್ತಾಗುವುದೇ ದೊಡ್ಡ ಭಯವಾಗಿ ಕಾಡುವುದು ಮನುಷ್ಯನ ಹಣೆಬರಹ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಗಂಡ ಹೆಂಡತಿ ಬಂದರು. ಹೆಂಗಸಿಗೆ ಕಪ್ಪು ಚಪ್ಪಲಿ ಬೇಕಿತ್ತು. ತಮ್ಮ ಪುಟ್ಟ ಸ್ಟೂಲಿನ ಮೇಲೆ ಕುಳಿತು, ಎಂದಿನಂತೆ ಆಕೆಯ ಕಾಲಿಗೆ ತಾನೇ ತೊಡಿಸಿದ. ಆಕೆ ಎದ್ದು ನಾಲ್ಕು ಹೆಜ್ಜೆ ನಡೆದು ಮುಖ ಕಿವುಚಿದಳು.

"ಹೆಬ್ಬೆರಳ ಹತ್ರ ಒತ್ತುತ್ತೆ."

"ಎಲ್ಲಿ ಒತ್ತುತ್ತೆ? ಅಷ್ಟು ಅಗಲ ಇದೆ," ಎಂದ ಗಂಡ, ಫೋನಿನಿಂದ ಕಣ್ಣೆತ್ತದೆ. "ನಿನಗೆ ಯಾವಾಗ್ಲೂ ಹಾಗೇ ಅನ್ಸುತ್ತೆ. ತಗೊಂಡ್ಬಿಡು, ಹೊತ್ತಾಯ್ತು."

ತಮ್ಮ ನಗುತ್ತಲೇ ಚಪ್ಪಲಿ ಬಿಚ್ಚಿದ. ಅಪ್ಪ ಅವನನ್ನು ಮೊದಲ ಸಲ ಆ ಸ್ಟೂಲಿನ ಮೇಲೆ ಕೂರಿಸಿದ ದಿನ ಕಲಿಸಿದ ಮಾತು, ಅಂಗಡಿಯ ಏಕೈಕ ಕಾನೂನು, ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. "ಸಾರ್, ಒತ್ತೋದು ನಿಮ್ಮ ಕಾಲಿಗಲ್ಲ, ಅವರ ಕಾಲಿಗೆ. ಒತ್ತುತ್ತೆ ಅಂದ್ರೆ ಒತ್ತುತ್ತೆ. ಅದರಲ್ಲಿ ನಾವು ವಾದ ಮಾಡೋ ಹಾಗೇ ಇ..."

ಮಾತು ಅಲ್ಲೇ ನಿಂತಿತು. ಆಕೆ ಕಾಯುತ್ತಿದ್ದಳು. ಚಪ್ಪಲಿ ಅವನ ಕೈಯಲ್ಲೇ ಇತ್ತು. ಎಷ್ಟು ಜನರ ಕಾಲು ಹಿಡಿದಿದ್ದಾನೆ ಅವನು. ದಾರಿಹೋಕರದು, ಜಗಳಗಂಟರದು, ಎಲ್ಲ ಜೊತೆಗಳನ್ನೂ ತೊಟ್ಟು ನೋಡಿ ಏನೂ ಕೊಳ್ಳದೆ ಹೋಗುವವರದು. ಅವರಲ್ಲಿ ಯಾರೇ ಒತ್ತುತ್ತದೆ ಎಂದರೂ ಮರುಮಾತಾಡದೆ ನಂಬಿದ್ದ. ತನ್ನ ಕಾಲನ್ನು ಆ ಚಪ್ಪಲಿಯೊಳಗೆ ತೂರಿಸಿ, ನೋಡಿ ನನಗೇನೂ ಒತ್ತಲ್ಲ ಎಂದು ಯಾರ ಮುಂದೆಯೂ ಕುಣಿದಿರಲಿಲ್ಲ. ಹಾಗೆ ಕುಣಿದದ್ದು ಒಬ್ಬಳ ಮುಂದೆ ಮಾತ್ರ.

"ಏನಾಯ್ತು?" ಎಂದಳು ಆಕೆ.

"ಏನಿಲ್ಲಮ್ಮ. ಇದೇ ನಮೂನೆ ಅಗಲದ್ದು ಕೊಡ್ತೀನಿ," ಎಂದ. ಕೊಟ್ಟು ಕಳಿಸಿ, ಹಗಲಿನಲ್ಲೇ ಅಂಗಡಿಯ ಬಾಗಿಲೆಳೆದ. ಬೀಗ ಹಾಕಿದ. ಅಲ್ಲೇ ನಿಂತು ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದ.

*

ಎಲೆಕ್ಟ್ರಿಷಿಯನ್ ಬಂದವನು ಹೀಟರನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಗಾಜಿನ ಕೊಳವೆಯ ಬುಡದಲ್ಲಿ ಕೂದಲೆಳೆಯಂಥ ಸೀಳು. ಅದರ ಮೂಲಕ ಒಳಗೆ ನೀರು ಸೇರಿ ಪಾಚಿಯ ಬಣ್ಣ ಕಟ್ಟಿತ್ತು.

"ಹಳೇ ಸೀಳಿದು," ಎಂದ ಅವನು. "ಅವತ್ತು ನೀವು ಮದುವೆಗೆ ಹೋದಾಗ ಟ್ರಿಪ್ಪರ್ ಬಿದ್ದಿದ್ದೂ ಇದಕ್ಕೇ ಇರಬೇಕು."

"ಅವತ್ತೇ ಯಾಕೆ ನೋಡ್ಲಿಲ್ಲ ನೀನು?"

ಎಲೆಕ್ಟ್ರಿಷಿಯನ್ನನ ಮುಖ ಕೆಂಪಾಯಿತು. "ನೀವು ಯಾಕೆ ಬಿತ್ತು ನೋಡು ಅನ್ಲಿಲ್ಲ ಸಾರ್. ಬೀಳದ ಹಾಗೆ ಮಾಡು ಅಂದ್ರಿ." ಹೀಟರ್ ಒರೆಸುತ್ತ, ತಗ್ಗಿದ ದನಿಯಲ್ಲಿ ಮುಂದುವರಿಸಿದ. "ನಾನೂ ಮಾಡಬಾರದಿತ್ತು. ಬೇಡ ಅಂದ್ರೆ ಇನ್ನೊಬ್ಬನ್ನ ಕರೀತೀರಿ, ಕೆಲಸ ಹೋಗುತ್ತೆ ಅಂತ ಮಾಡ್ದೆ. ಅಕ್ಕೋರಿಗೆ ಹೀಗಾಯ್ತು ಅಂತ ಬೀದೀಲಿ ಕೇಳ್ದಾಗಿಂದ ನಿಮ್ಮ ಫೋನಿಗೇ ಕಾಯ್ತಿದ್ದೆ. ನಾನಾಗೇ ಬರೋಕೆ ಮುಖ ಇರಲಿಲ್ಲ."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದಳು ಬಾಗಿಲಲ್ಲಿದ್ದ ಹೆಂಡತಿ. ಯಾರಿಗೆ ಅಂದಳೋ, ಮೂವರೂ ತಲೆ ತಗ್ಗಿಸಿದರು, ಅವಳೂ ಸೇರಿ.

ತಮ್ಮ ಕೇಳಲೇಬೇಕಾದ್ದೊಂದನ್ನು ಕೇಳಿದ. "ನಾನೂ ಕೈ ಹಾಕಿದ್ದೆ. ನನಗ್ಯಾಕೆ ಏನೂ ಆಗ್ಲಿಲ್ಲ?"

ಎಲೆಕ್ಟ್ರಿಷಿಯನ್ ಅವನ ಕಾಲು ನೋಡಿದ. "ಕಾಲಲ್ಲಿ ರಬ್ಬರ್ ಇದೆಯಲ್ಲ ಸಾರ್. ನಿಮ್ಮ ಮೂಲಕ ನೆಲಕ್ಕಿಳಿಯೋಕೆ ಕರೆಂಟಿಗೆ ದಾರಿ ಇರಲಿಲ್ಲ. ಅವರದ್ದು ಬರಿಗಾಲು, ನೆಲವೂ ಒದ್ದೆ. ಹಾಗಂತ ಚಪ್ಪಲೀನ ನಂಬ್ಕೋಬೇಡಿ. ಇನ್ನೊಂದು ಕೈ ಕಬ್ಬಿಣ ಮುಟ್ಟಿದ್ರೆ ಚಪ್ಪಲಿ ಇದ್ರೂ ಅಷ್ಟೇ. ಕಾಯೋದು ಟ್ರಿಪ್ಪರೊಂದೇ. ಅದಿದ್ರೂ ನೀರಿಗೆ ಕೈ ಹಾಕೋ ಮುಂಚೆ ಪ್ಲಗ್ಗೆಲ್ಲ ಕೀಳಿ."

ಅವನು ಸಂಜೆಯವರೆಗೆ ಕೆಲಸ ಮಾಡಿದ. ತೊಟ್ಟಿಯ ಲೈನನ್ನು ಮತ್ತೆ ಟ್ರಿಪ್ಪರಿನ ಮೂಲಕವೇ ಹಾಯಿಸಿದ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟನ್ನು ನೆಲದಿಂದೆತ್ತಿ, ನೀರು ಸಿಡಿಯದ ಹಾಗೆ ಗೋಡೆಯ ಮೇಲೆ ಪಕ್ಕಕ್ಕೆ ಕೂರಿಸಿದ. ವೈರಿನಗುಂಟ ಇಳಿದು ಬಂದ ಹನಿ ಪ್ಲಗ್ಗಿಗೆ ಸೇರದೆ ಕೆಳಗೇ ತೊಟ್ಟಿಕ್ಕಲಿ ಎಂದು ಪ್ರತಿ ವೈರನ್ನೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋಲು ಬಿಟ್ಟ. ಹಳೆಯ ಹೀಟರನ್ನು ಯಾರೂ ಮತ್ತೆ ಬಳಸದಂತೆ ಅದರ ವೈರು ಕತ್ತರಿಸಿ ಹಾಕಿದ. ಕೊನೆಗೆ ಟ್ರಿಪ್ಪರಿನ ಮೇಲಿದ್ದ ಪುಟ್ಟ ಗುಂಡಿ ಒತ್ತಿದ. ಟಕ್ ಎಂದು ಫ್ಯಾನು, ದೀಪ, ಪಂಪು ಎಲ್ಲ ನಿಂತವು. ತೊಟ್ಟಿಯಲ್ಲಿ ಬ್ಯಾಟರಿಯ ಗುಳ್ಳೆ ಮಾತ್ರ ಏಳುತ್ತಿತ್ತು.

"ತಿಂಗಳಿಗೊಂದ್ಸಲ ಹೀಗೆ ಒತ್ತಿ ನೋಡಿ. ಬಿದ್ರೆ ಬೇಜಾರು ಮಾಡ್ಕೋಬೇಡಿ, ಬೀಳದಿದ್ರೆ ಹೆದರ್ಕೊಳಿ," ಎಂದು ಹೇಳಿ ಹೊರಟ.

ಅಕ್ಕ ತನ್ನ ಕೋಣೆಯಲ್ಲಿ, ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದಳು. ತಮ್ಮ ಒಳಗೆ ಬಂದು ನೆಲದ ಮೇಲೆ ಕೂತ. ಚಿಕ್ಕವನಿದ್ದಾಗ ತಪ್ಪು ಮಾಡಿ ಬಂದರೆ ಹಾಗೇ ಕೂರುತ್ತಿದ್ದ.

"ನೀನು ಮುಟ್ಟಬಾರದ್ದು ಏನೂ ಮುಟ್ಟಲಿಲ್ಲ ಅಕ್ಕ," ಎಂದ. "ಹೀಟರ್ ಸೀಳಿ ನೀರಿಗೆ ಕರೆಂಟು ಸೇರ್ತಿತ್ತು. ಆ ಲೈನಿಗೆ ಟ್ರಿಪ್ಪರ್ ಇದ್ದಿದ್ರೆ ಅದು ನಿನ್ನ ಕೈಬಿಡಿಸ್ತಿತ್ತು. ಮೀನು ಸಾಯ್ತಾವೆ ಅಂತ ನಾನೇ ಅದನ್ನ ತಪ್ಪಿಸಿ ಲೈನ್ ಹಾಕ್ಸಿದ್ದೆ. ಡಾಕ್ಟರ್ ಕೇಳಿದಾಗ ಇದೆ ಅಂದೆ. ಇವಳ ಅಣ್ಣ ನಿನ್ನ ಮೇಲೆ ಹಾಕಿದಾಗ ಹೂಂ ಅಂದೆ."

ಅಕ್ಕ ಪ್ಲಾಸ್ಟರಿನ ಅಂಚಿನ ನೂಲನ್ನು ಬಲಗೈಯಿಂದ ಎಳೆಯುತ್ತಿದ್ದಳು.

"ಹಾಗಾದ್ರೆ ಅವಾಗೆಲ್ಲ ಕೈ ಜುಂ ಅಂತಿದ್ದಿದ್ದೂ ನಿಜವಾಗ್ಲೂ ಕರೆಂಟೇ."

"ಹೌದು."

"ನಾನು ಕಾಯಿಲೆ ಅಂದ್ಕೊಂಡಿದ್ದೆ ಕಣೋ." ಅವಳ ದನಿ ಏರಲಿಲ್ಲ. "ಅಮ್ಮನಿಗೆ ಕೊನೇಲಿ ಕೈನಡುಕ ಬಂದು ತುತ್ತು ಎತ್ತೋಕಾಗ್ತಿರಲಿಲ್ಲವಲ್ಲ, ಹಾಗೇ ನಂಗೂ ಶುರುವಾಯ್ತು ಅಂದ್ಕೊಂಡೆ. ನೀನು ಕೈ ಹಾಕಿ ತೋರ್ಸಿದ ಮೇಲೆ ಅನುಮಾನವೇ ಉಳೀಲಿಲ್ಲ. ಎಲ್ಲರಿಗೂ ಆಗದ್ದು ನನಗೊಬ್ಬಳಿಗೇ ಆದ್ರೆ ಮತ್ತಿನ್ನೇನು? ದಿನಾ ಲೋಟ ಹಿಡಿದು ನೋಡ್ಕೋತಿದ್ದೆ, ನಡುಗುತ್ತಾ ಅಂತ. ಹಾಸಿಗೆ ಹಿಡಿದ್ರೆ ನಿಮ್ಮಿಬ್ಬರಿಗೆ ಭಾರ ಆಗ್ತೀನಲ್ಲ ಅಂತ ಅಳು ಬರ್ತಿತ್ತು. ನೀವು ನಗ್ತಿದ್ರಿ, ನಾನೂ ನಗ್ತಿದ್ದೆ."

ತಮ್ಮ ಮುಖ ಮುಚ್ಚಿಕೊಂಡ. ಶಾಕಿನ ಲೆಕ್ಕವನ್ನಷ್ಟೇ ಅವನು ಹೊತ್ತುಕೊಂಡು ಬಂದಿದ್ದ. ಈ ಲೆಕ್ಕ ಅವನಿಗೆ ಗೊತ್ತೇ ಇರಲಿಲ್ಲ.

"ಮೀನು ಸತ್ತಾಗ ನೀನು ಊಟ ಬಿಟ್ಟಿದ್ದೆ," ಎಂದಳು ಅಕ್ಕ. "ಬಚ್ಚಲಲ್ಲಿ ಅತ್ತಿದ್ದೂ ಕೇಳಿಸ್ತು. ಎಷ್ಟು ಮೃದು ಮನಸ್ಸು ನನ್ನ ತಮ್ಮಂದು ಅಂದ್ಕೊಂಡಿದ್ದೆ." ಮುಖ ತಿರುಗಿಸಿ, "ಈಗ ಹೋಗು. ನಾನೊಬ್ಳೇ ಇರ್ತೀನಿ," ಎಂದಳು.

ಆಮೇಲಿನ ದಿನಗಳಲ್ಲಿ ಅಕ್ಕ ಅವನೊಡನೆ ಬೇಕಾದಷ್ಟೇ ಮಾತಾಡಿದಳು. ಬೈಯಲಿಲ್ಲ, ಚುಚ್ಚಲಿಲ್ಲ. ಬೈದಿದ್ದರೆ ತಮ್ಮನಿಗೆ ಸುಖವೆನಿಸುತ್ತಿತ್ತು. ಹೆಂಡತಿಯ ಅಣ್ಣನಿಗೆ ಅವನು ಫೋನು ಮಾಡಿ, ತಪ್ಪು ಅಕ್ಕನದಲ್ಲ, ನನ್ನದು ಎಂದು ಹೇಳಿದ. ಹೆಂಡತಿ ಒಂದು ದಿನ ಅಕ್ಕನ ತಲೆ ಬಾಚುತ್ತ, "ನಾನೂ ನಕ್ಕಿದ್ದೆ ಅತ್ತಿಗೆ," ಎಂದಳು. "ಗೊತ್ತು, ನಿನ್ನ ನಗು ಅಡುಗೆಮನೆಯಿಂದಲೂ ಕೇಳುತ್ತೆ," ಎಂದಳು ಅಕ್ಕ. ಇಬ್ಬರೂ ಅಷ್ಟಕ್ಕೆ ಬಿಟ್ಟರು.

ಭಾನುವಾರ ಬಂತು. ಪ್ಲಾಸ್ಟರ್ ಬಿಚ್ಚಿದ ಮೇಲಿನ ಮೊದಲ ಭಾನುವಾರ. ತಮ್ಮ ತಾನೇ ಪ್ಲಗ್ಗುಗಳನ್ನೆಲ್ಲ ಕಿತ್ತು ಸೋಫಾದ ಮೇಲಿಟ್ಟ. ಬಕೆಟ್ ತಂದು, ತೋಳು ಮಡಿಚಿ, ಮೂಲೆ ಮೂಲೆ ಕೆರೆದ. ಸೊಂಟ ಇಷ್ಟು ನೋಯುವ ಕೆಲಸ ಅದೆಂದು ಅವನಿಗೆ ಗೊತ್ತಿರಲಿಲ್ಲ. ನೀರು ಬದಲಿಸಿ, ನೆಲ ಒರೆಸಿ ತಲೆ ಎತ್ತಿದಾಗ ಅಕ್ಕ ನಡುಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅಲ್ಲಿಯವರೆಗೆ ಬಂದಿದ್ದಳು.

"ಆ ಮೂಲೇಲಿ ಇನ್ನೂ ಹಸಿರು ಇದೆ," ಎಂದಳು.

ತಮ್ಮ ಇನ್ನೊಮ್ಮೆ ಕೆರೆದ. ಕೈ ಒರೆಸಿಕೊಂಡು, ಬಾಗಿಲ ಹಿಂದಿಟ್ಟಿದ್ದ ರಟ್ಟಿನ ಪೆಟ್ಟಿಗೆ ತಂದ. ಅಂಗಡಿಯಿಂದ ಪುಟ್ಟ ಸ್ಟೂಲನ್ನೂ ಹೊತ್ತು ತಂದಿದ್ದ. "ಕೂತ್ಕೋ ಅಕ್ಕ," ಎಂದು ಸೋಫಾದ ಪ್ಲಗ್ಗುಗಳನ್ನು ಸರಿಸಿ ಜಾಗ ಮಾಡಿದ.

"ಮನೇಲೇ ಇರೋಳಿಗೆ ಚಪ್ಪಲಿ ಯಾಕೋ."

"ಮನೇಲಿ ಎಲ್ಲರ ಕಾಲಲ್ಲೂ ಇದೆಯಲ್ಲ."

ಅವಳು ಕೂತಳು. ಕಾಲನ್ನು ಅವನ ಕೈಗೆ ಕೊಡಲು ನಾಚಿ ಹಿಂದಕ್ಕೆಳೆದುಕೊಂಡಳು. ಅವನು ಕಾದ. ಕೊನೆಗೆ ಕೊಟ್ಟಳು. ಹಿಮ್ಮಡಿ ಒಡೆದಿತ್ತು, ಬೆರಳುಗಳ ಸಂದಿ ನೀರಿನಲ್ಲಿ ನಿಂತು ನಿಂತು ಬೆಳ್ಳಗಾಗಿತ್ತು. ಊರಿನ ಅರ್ಧ ಜನರ ಕಾಲಿನ ಅಳತೆ ಬಾಯಿಪಾಠವಿದ್ದವನು ಇವಳ ಅಳತೆಯನ್ನು ಅಂದಾಜಿನ ಮೇಲೆ ತಂದಿದ್ದ. ಎರಡೂ ಚಪ್ಪಲಿ ತೊಡಿಸಿ, ನಡೆಯಲು ಹೇಳಿದ.

ಅಕ್ಕ ಎದ್ದು ತೊಟ್ಟಿಯವರೆಗೆ ನಡೆದು, ತಿರುಗಿ ಬಂದಳು.

"ಎಲ್ಲಿ ಒತ್ತುತ್ತೆ?" ಎಂದು ಕೇಳಿದ ತಮ್ಮ.

"ಎಲ್ಲೂ ಇಲ್ಲ. ಚೆನ್ನಾಗಿದೆ ಬಿಡು."

ಅವನು ಸ್ಟೂಲಿನಿಂದ ಏಳಲಿಲ್ಲ. ತಲೆ ತಗ್ಗಿಸಿ ಅವಳ ಕಾಲನ್ನೇ ನೋಡುತ್ತ ಕುಳಿತ. ಅಕ್ಕ ಅವನ ನೆತ್ತಿಯನ್ನು ಸ್ವಲ್ಪ ಹೊತ್ತು ನೋಡಿದಳು. ಒಮ್ಮೆ ಕಿಟಕಿಯ ಕಡೆ ನೋಡಿದಳು.

"ಕಿರುಬೆರಳ ಹತ್ರ," ಎಂದಳು, ತುಂಬ ಮೆಲ್ಲಗೆ. "ಸ್ವಲ್ಪ ಒತ್ತುತ್ತೆ ಪುಟ್ಟಾ."

ತಮ್ಮ ಬೆರಳಿಟ್ಟು ಒತ್ತಿ ನೋಡಲಿಲ್ಲ. ಹೊಸದು, ಸಡಿಲವಾಗುತ್ತೆ ಎನ್ನಲಿಲ್ಲ. ಚಪ್ಪಲಿ ಎರಡನ್ನೂ ಬಿಚ್ಚಿ ಪೆಟ್ಟಿಗೆಗೆ ಹಾಕಿ, ಅಗಲದ ಜೊತೆ ತರಲು ಅಂಗಡಿಯ ಕೀಲಿ ತೆಗೆದುಕೊಂಡು ಹೊರಟ.